ಗಾಡಿಯ ಟಾಪ್ ಮೇಲೆ ಯಾವ ಕ್ಯಾರಿಯರ್? ಪುಣೆ, ಮುಂಬೈ, ಗೋವಾದಲ್ಲಿ ಥಾರ್, ಜಿಮ್ನಿ ಓಡಿಸುವ ಕನ್ನಡಿಗರಿಗೆ

ಕ್ಯಾರಿಯರ್ ನೋಡಲು ಅಂಗಡಿಗೆ ಹೋಗುವ ಮುಂಚೆ ಗಾಡಿಯ ಓನರ್ಸ್ ಮ್ಯಾನ್ಯುವಲ್ ತೆಗೆದು ಒಂದು ಸಂಖ್ಯೆ ಹುಡುಕಿ: ಟಾಪ್ ಮೇಲೆ ಎಷ್ಟು ಕಿಲೊ ಹೇರಬಹುದು? ಹೊರದೇಶಗಳಲ್ಲಿ ಮಾರಾಟವಾಗುವ ಜಿಮ್ನಿಯ ಮ್ಯಾನ್ಯುವಲ್‌ಗಳಲ್ಲಿ ಈ ಮಿತಿ ಬರೀ 30 ಕಿಲೊ. ದೊಡ್ಡ ಎಸ್‌ಯುವಿಗಳಲ್ಲಿ ಸಾಮಾನ್ಯವಾಗಿ 50ರಿಂದ 100ರ ನಡುವೆ ಇರುತ್ತದೆ. ಕ್ಯಾರಿಯರ್‌ನ ಸ್ವಂತ ತೂಕವೂ ಇದರಲ್ಲೇ ಸೇರಿದೆ, ಬಹಳ ಮಂದಿ ಎಡವುವುದು ಇಲ್ಲೇ. 30 ಕಿಲೊ ಮಿತಿಯ ಗಾಡಿಗೆ 25 ಕಿಲೊ ತೂಗುವ ಕಬ್ಬಿಣದ ಕ್ಯಾರಿಯರ್ ಕೂರಿಸಿದರೆ ಲಗೇಜಿಗೆ ಉಳಿಯುವುದು 5 ಕಿಲೊ, ಅಂದರೆ ಒಂದು ಟೆಂಟು.

ಅದೂ ಡಾಂಬರು ರಸ್ತೆಯ ಲೆಕ್ಕ. ಕಲ್ಲು-ಗುಂಡಿಯಲ್ಲಿ ಗಾಡಿ ಕುಕ್ಕಿದಾಗ ಮೇಲಿನ ಭಾರ ಟಾಪ್ ಮೇಲೆ ಹೇರುವ ಬಲ ಹಲವು ಪಟ್ಟು ಏರುತ್ತದೆ. ಅದಕ್ಕಾಗಿಯೇ ಹೆಸರಾಂತ ಕ್ಯಾರಿಯರ್ ತಯಾರಕರು ಆಫ್‌ರೋಡಿಗೆ ಹೋಗುವುದಾದರೆ ಮಿತಿಯನ್ನು 1.5ರಿಂದ ಭಾಗಿಸಿ ಎನ್ನುತ್ತಾರೆ. 30 ಅನ್ನುವುದು 20 ಆಯಿತು, 75 ಅನ್ನುವುದು 50 ಆಯಿತು.

ಇನ್ನೊಂದು ಮಿತಿ ಇಡೀ ಗಾಡಿಯದು. ಐದು ಬಾಗಿಲಿನ ಜಿಮ್ನಿಯ ಖಾಲಿ ತೂಕ ಸುಮಾರು 1,200 ಕಿಲೊ, ಒಟ್ಟು ಅನುಮತಿಸಿದ ತೂಕ 1,545. ತಲಾ 70 ಕಿಲೊ ತೂಗುವ ನಾಲ್ವರು ಕೂತರೆ 280 ಕಿಲೊ ಹೋಯಿತು, ಮಿಕ್ಕದ್ದು 65. ಹಿಂದಿನ ಡಿಕ್ಕಿಯ ಸಾಮಾನು, ಮುಂದಿನ ವಿಂಚು (ಸಿಕ್ಕಿಬಿದ್ದ ಗಾಡಿ ಎಳೆಯುವ ಯಂತ್ರ), ಟಾಪ್ ಮೇಲಿನದು ಎಲ್ಲ ಆ 65ರೊಳಗೇ ಬರಬೇಕು.

ಈ ಎರಡು ಲೆಕ್ಕ ಮಾಡಿದ ಮೇಲೆ ನಮ್ಮ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇವೆ. ವಾರವಿಡೀ ಹಿಂಜವಡಿಗೋ ಅಂಧೇರಿಗೋ ಆಫೀಸಿಗೆ ಓಡುವ, ತಿಂಗಳಿಗೊಮ್ಮೆ ತಾಮ್ಹಿಣಿ ಘಾಟಿನ ಕಡೆ ಹೋಗುವ, ಹಬ್ಬಕ್ಕೆ ಧಾರವಾಡ, ವಿಜಯಪುರದ ಕಡೆ ಊರಿಗೆ ಹೋಗಿಬರುವ ಗಾಡಿಗೆ ಬೇಕಾಗಿರುವುದು ಬಿಚ್ಚಿ ಇಡಬಹುದಾದ ಎರಡು ಅಲ್ಯೂಮಿನಿಯಂ ಕ್ರಾಸ್‌ಬಾರ್, ಅಂದರೆ ಟಾಪ್ ಮೇಲೆ ಅಡ್ಡಲಾಗಿ ಕೂರುವ ಪಟ್ಟಿ. ಅದಕ್ಕಿಂತ ದೊಡ್ಡದು ಬೇಕು ಅನ್ನುವವರು ಏನು ಹೇರುತ್ತೀರಿ, ವರ್ಷಕ್ಕೆ ಎಷ್ಟು ದಿನ ಹೇರುತ್ತೀರಿ ಎಂದು ಮೊದಲು ಬರೆದು ನೋಡಿಕೊಳ್ಳಿ.

ಟಾಪ್ ಯಾವ ಬಗೆಯದು

ಕ್ಯಾರಿಯರ್ ಎಲ್ಲಿ ಕಾಲೂರುತ್ತದೆ ಎಂಬುದರ ಮೇಲೆ ಮಿಕ್ಕ ಎಲ್ಲ ಆಯ್ಕೆ ನಿಂತಿದೆ.

ಜಿಮ್ನಿ ಮತ್ತು ಬೊಲೆರೊದಂಥ ಹಳೇ ವಿನ್ಯಾಸದ ಗಾಡಿಗಳಲ್ಲಿ ಟಾಪ್‌ನ ಎರಡೂ ಅಂಚಿಗೆ ಮಳೆನೀರು ಹರಿಯುವ ಗಟರ್ ಇದೆ. ಇದರಷ್ಟು ಒಳ್ಳೆಯ ಆಸರೆ ಬೇರೆ ಇಲ್ಲ. ಟಾಪ್ ಮತ್ತು ಪಕ್ಕದ ತಗಡು ಸೇರಿ ಬೆಸುಗೆಯಾದ ಗಟ್ಟಿ ಅಂಚದು, ಕ್ಲಾಂಪು ಅದನ್ನೇ ಹಿಡಿಯುತ್ತದೆ, ಒಂದು ತೂತೂ ಬೇಕಿಲ್ಲ.

ಸ್ಕಾರ್ಪಿಯೊ-ಎನ್‌ನಂಥ ಗಾಡಿಗಳಿಗೆ ಉದ್ದಕ್ಕೆ ರೂಫ್ ರೈಲ್ ಇರುತ್ತದೆ. ಎಲ್ಲ ರೈಲೂ ಭಾರ ಹೊರುವಂಥದ್ದಲ್ಲ. ಬಹಳ ಗಾಡಿಗಳಲ್ಲಿ ಅದು ಅಂಟಿಸಿದ ಅಲಂಕಾರ, ಮ್ಯಾನ್ಯುವಲ್‌ನಲ್ಲೇ ‘ಇದರ ಮೇಲೆ ಭಾರ ಹಾಕಬೇಡಿ’ ಎಂದಿರುತ್ತದೆ. ಕೈಯಿಂದ ಅಲುಗಾಡಿಸಿ ನೋಡಿ ಗಟ್ಟಿಯಿದೆ ಅನ್ನುವುದು ಪುರಾವೆಯಲ್ಲ. ಮ್ಯಾನ್ಯುವಲ್‌ನಲ್ಲಿ ಕಿಲೊ ಬರೆದಿದ್ದರೆ ಮಾತ್ರ ನಂಬಿ.

ಮೂರು ಬಾಗಿಲಿನ ಥಾರ್ ಬೇರೆಯೇ ಕಥೆ. ಅದರ ಹಾರ್ಡ್‌ಟಾಪ್ ಅಚ್ಚಿನಲ್ಲಿ ಎರಕ ಹೊಯ್ದದ್ದು, ಕಬ್ಬಿಣದ ತಗಡಲ್ಲ. ಅದರ ಮೇಲೆ ನೇರವಾಗಿ ಕಾಲೂರುವ ಯಾವ ಕ್ಯಾರಿಯರ್ ಕೂಡ ಬೇಡ. ಸೀಳು ಬಿಟ್ಟರೆ ರಿಪೇರಿ ಕಷ್ಟ, ಟಾಪ್ ಪೂರ್ತಿ ಬದಲಿಸಬೇಕಾಗಬಹುದು. ಥಾರ್‌ಗೆ ಬರುವ ಒಳ್ಳೆಯ ಕ್ಯಾರಿಯರ್‌ಗಳು ಟಾಪ್ ಅನ್ನು ಮುಟ್ಟುವುದೇ ಇಲ್ಲ. ಮುಂದೆ ವಿಂಡ್‌ಶೀಲ್ಡ್ ಪಕ್ಕದ ಹಿಂಜ್ ಬೋಲ್ಟುಗಳಿಂದ, ಹಿಂದೆ ಬಾಡಿಯ ಪಕ್ಕದಿಂದ ಕಂಬ ಎದ್ದು ಮೇಲೆ ಚೌಕಟ್ಟು ಕಟ್ಟಿರುತ್ತದೆ. 2024ರಲ್ಲಿ ಬಂದ ಥಾರ್ ರಾಕ್ಸ್‌ಗೆ ಲೋಹದ ಟಾಪ್ ಇದೆ, ಆದರೆ ಸನ್‌ರೂಫ್ ಇರುವ ಮಾದರಿಯಲ್ಲಿ ಗಾಜು ತೆರೆಯಲು ಜಾಗ ಉಳಿಯುತ್ತದೆಯೇ ಎಂದು ಮೊದಲೇ ಅಳೆಯಿರಿ.

ಟಾಪ್‌ಗೆ ಡ್ರಿಲ್ ಹೊಡೆದು ಬೋಲ್ಟು ಹಾಕಿಕೊಡುತ್ತೇವೆ ಎನ್ನುವ ಗ್ಯಾರೇಜು ಈಗಲೂ ಎಲ್ಲ ಊರಲ್ಲಿವೆ. ಬೇಡವೇ ಬೇಡ. ಜಿಮ್ನಿ, ರಾಕ್ಸ್, ಸ್ಕಾರ್ಪಿಯೊ-ಎನ್‌ನ ಮೇಲಿನ ಮಾದರಿಗಳಲ್ಲಿ ಕರ್ಟನ್ ಏರ್‌ಬ್ಯಾಗು (ಅಪಘಾತದಲ್ಲಿ ಕಿಟಕಿಯ ಪಕ್ಕ ಉಬ್ಬುವುದು) ಟಾಪ್ ಅಂಚಿನ ಒಳಮೈಯಲ್ಲೇ ಮಡಿಸಿ ಕೂತಿರುತ್ತದೆ. ಡ್ರಿಲ್ ಬಿಟ್ ಎರಡಿಂಚು ಒಳಹೋದರೆ ಏನಾಗುತ್ತದೋ ಹೇಳಲಾಗದು. ಏರ್‌ಬ್ಯಾಗಿನಿಂದ ಪಾರಾದರೂ ಸೀಲೆಂಟು ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಬಿರಿದು, ನೀರು ಹೆಡ್‌ಲೈನರಿನ (ಟಾಪ್ ಒಳಗಿನ ಹೊದಿಕೆ) ಮೇಲಿಂದ ಹರಿದು ಎಲ್ಲೋ ದೂರದ ಸೀಟಿನ ಕೆಳಗೆ ಇಳಿಯುತ್ತದೆ. ತೂತು ಎಲ್ಲಿದೆ ಎಂದು ಹುಡುಕುವುದೇ ದೊಡ್ಡ ತಲೆನೋವು.

ಬಾರ್, ಬುಟ್ಟಿ, ಹಲಗೆ, ಚೌಕಟ್ಟು

ಎರಡು ಕ್ರಾಸ್‌ಬಾರ್‌ಗಳ ತೂಕ ಕಾಲು, ಕ್ಲಾಂಪು ಸೇರಿ ಸುಮಾರು 5-6 ಕಿಲೊ. ಸೈಕಲ್, ಕಯಾಕ್, ಸರ್ಫ್‌ಬೋರ್ಡ್, ಏಣಿ, ಪೈಪು ಹೀಗೆ ಉದ್ದದ ವಸ್ತುವಿಗೆ ಇದೇ ಸಾಕು. ಮೇಲೆ ಪ್ಲಾಸ್ಟಿಕ್ಕಿನ ರೂಫ್‌ಬಾಕ್ಸ್ ಕೂರಿಸಿದರೆ ಬಟ್ಟೆ-ಹಾಸಿಗೆಗೂ ಆಯಿತು, ಮಳೆಯ ಚಿಂತೆಯೂ ಇಲ್ಲ, ಆದರೆ ಬಾಕ್ಸೇ 15-20 ಕಿಲೊ ತೂಗುತ್ತದೆ ಎಂಬುದು ನೆನಪಿರಲಿ. ಕೆಲಸ ಮುಗಿದ ಮೇಲೆ ಹತ್ತು-ಹದಿನೈದು ನಿಮಿಷದಲ್ಲಿ ಬಾರ್ ಬಿಚ್ಚಿ ಮನೆಯ ಲಾಫ್ಟ್ ಮೇಲೆ ಎಸೆಯಬಹುದು.

ಬುಟ್ಟಿಯಂತೆ ಸುತ್ತ ಗೋಡೆಯಿರುವ ಕ್ಯಾರಿಯರ್ ನಮ್ಮ ಕಡೆ ಹಳೇ ಪರಿಚಯದ್ದು. ಚೀಲ, ಡಬ್ಬ, ಮಾವಿನ ಪೆಟ್ಟಿಗೆ ಜಾರುವುದಿಲ್ಲ, ಕಟ್ಟುವುದು ಸುಲಭ. ಆದರೆ ಗೋಡೆ ಗಾಳಿಗೆ ಎದೆಯೊಡ್ಡುತ್ತದೆ, ಖಾಲಿಯಿದ್ದಾಗಲೂ ಸದ್ದು ಮಾಡುತ್ತದೆ. ಗೋಡೆ ಇದೆಯೆಂಬ ಧೈರ್ಯಕ್ಕೆ ಕಟ್ಟದೆ ಹೊರಡುವವರೂ ಇದ್ದಾರೆ, ಅದು ಅಪಾಯ.

ಚಪ್ಪಟೆ ಪ್ಲಾಟ್‌ಫಾರ್ಮ್ ಅಂದರೆ ಅಡ್ಡಕ್ಕೆ ಜೋಡಿಸಿದ ಅಲ್ಯೂಮಿನಿಯಂ ಪಟ್ಟಿಗಳು, ಪ್ರತಿ ಪಟ್ಟಿಯಲ್ಲೂ ಬೋಲ್ಟ್ ತಲೆ ಜಾರಿಸಿ ಎಲ್ಲಿ ಬೇಕೋ ಅಲ್ಲಿ ನಿಲ್ಲಿಸುವ ಸೀಳು. ದಕ್ಷಿಣ ಆಫ್ರಿಕಾದ ಫ್ರಂಟ್ ರನ್ನರ್ ಈ ಮಾದರಿಯನ್ನು ಹೆಸರುವಾಸಿ ಮಾಡಿತು, ಈಗ ಇಲ್ಲಿಯ ತಯಾರಕರೂ ಮಾಡುತ್ತಾರೆ. ಸಲಿಕೆ, ರಿಕವರಿ ಬೋರ್ಡು (ಹೂತ ಚಕ್ರದಡಿ ಇಡುವ ಹಲಗೆ), ಆನಿಂಗ್ (ಪಕ್ಕಕ್ಕೆ ಬಿಚ್ಚುವ ನೆರಳಿನ ಬಟ್ಟೆ) ಎಲ್ಲವನ್ನೂ ಬೋಲ್ಟಿನಲ್ಲೇ ಬಿಗಿಯಬಹುದು, ಹಗ್ಗದ ಗೋಜಿಲ್ಲ. ಎತ್ತರವೂ ಕಮ್ಮಿ. ದೀರ್ಘ ಪ್ರವಾಸಕ್ಕೆ ಹೋಗುವವರಿಗೆ, ಟಾಪ್ ಮಿತಿ 75 ಕಿಲೊ ಮೇಲಿರುವ ಗಾಡಿಗೆ, ಇದು ನಿಜಕ್ಕೂ ಒಳ್ಳೆಯ ವಸ್ತು. ಜಿಮ್ನಿಯ ಇಡೀ ಟಾಪ್ ಮುಚ್ಚುವ ಪ್ಲಾಟ್‌ಫಾರ್ಮ್ ಹಾಕಿಸಿದರೆ ಮಿತಿಯ ಬಹುಪಾಲು ಅದೇ ನುಂಗುತ್ತದೆ. ಜಿಮ್ನಿಗೆ ಅರ್ಧ ಉದ್ದದ್ದು ಸಾಕು.

ಥಾರ್‌ನ ಹೊರಚೌಕಟ್ಟು ಎಲ್ಲಕ್ಕಿಂತ ಭಾರ, ಎಲ್ಲಕ್ಕಿಂತ ಗಟ್ಟಿ ಕಾಣುತ್ತದೆ, ಎಲ್ಲಕ್ಕಿಂತ ಹೆಚ್ಚು ಪರೀಕ್ಷೆ ಬೇಡುತ್ತದೆ. ಒಂದು ಚಕ್ರ ದಿಬ್ಬದ ಮೇಲೆ, ಎದುರು ಮೂಲೆಯ ಚಕ್ರ ಗುಂಡಿಯಲ್ಲಿ ಇದ್ದಾಗ ಬಾಡಿ ಕೊಂಚ ತಿರುಚುತ್ತದೆ. ಮುಂದಿನ ಕಂಬ ಒಂದು ಕಡೆ, ಹಿಂದಿನದು ಇನ್ನೊಂದು ಕಡೆ ಎಳೆಯುತ್ತವೆ. ಇಡೀ ಚೌಕಟ್ಟನ್ನು ಒಂದೇ ತುಂಡಾಗಿ ವೆಲ್ಡ್ ಮಾಡಿ, ರಬ್ಬರ್ ಬುಶ್ ಇಲ್ಲದೆ ಬಿಗಿದಿದ್ದರೆ ಆ ತಿರುಚು ಹೋಗಿ ಸೇರುವುದು ಕಂಬದ ಬುಡದ ವೆಲ್ಡಿಗೆ. ಬಿರುಕು ಮೊದಲು ಅಲ್ಲೇ ಕಾಣುತ್ತದೆ, ಕೂದಲೆಳೆಯಷ್ಟು ತುಕ್ಕಿನ ಗೆರೆಯಾಗಿ. ಹಾಗಾಗಿ ಕಂಬದ ಬುಡದಲ್ಲಿ ಬುಶ್ ಇದೆಯೇ, ಮಧ್ಯದಲ್ಲಿ ಬೋಲ್ಟಿನ ಜೋಡಣೆ ಇದೆಯೇ ನೋಡಿ ಕೊಳ್ಳಿ. ಸಾಫ್ಟ್‌ಟಾಪ್ ಥಾರ್‌ಗೆ ಚೌಕಟ್ಟು ಹಾಕಿದರೆ ಟಾಪ್ ಮಡಚುವ ಸುಖ ಹೋದಂತೆಯೇ. ಹಿಂದಿನ ಗಾಜು ಪೂರ್ತಿ ಮೇಲೇಳುತ್ತದೆಯೇ ಎಂಬುದನ್ನೂ ಅಂಗಡಿಯಲ್ಲೇ ತೆರೆದು ನೋಡಿ.

ರೂಫ್ ಟೆಂಟಿನ ವಿಚಾರ ಕೇಳುವವರು ಬಹಳ. ನಿಂತ ಗಾಡಿಯ ಟಾಪ್ ಹೊರುವ ಭಾರ ಓಡುವ ಗಾಡಿಯದಕ್ಕಿಂತ ಎಷ್ಟೋ ಹೆಚ್ಚು, ಹಾಗಾಗಿ ಇಬ್ಬರು ಮಲಗುವುದು ಸಮಸ್ಯೆಯಲ್ಲ. ಸಮಸ್ಯೆ ಇರುವುದು 50-60 ಕಿಲೊ ಟೆಂಟನ್ನು ಹೊತ್ತು ಆ ಜಾಗಕ್ಕೆ ಹೋಗುವುದರಲ್ಲಿ. ಜಿಮ್ನಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ, ನೆಲದ ಟೆಂಟೇ ಸರಿ.

ಕಬ್ಬಿಣವೋ ಅಲ್ಯೂಮಿನಿಯಮ್ಮೋ: ಕೊಂಕಣದ ಗಾಳಿ ತೀರ್ಮಾನಿಸುತ್ತದೆ

ಲೋಕಲ್ ಫ್ಯಾಬ್ರಿಕೇಟರ್ ಮಾಡುವ ಕ್ಯಾರಿಯರ್ ಸಾಮಾನ್ಯವಾಗಿ 25 ಮಿಮೀ ಚೌಕದ ಎಂಎಸ್ (ಮೈಲ್ಡ್ ಸ್ಟೀಲ್, ಸಾದಾ ಕಬ್ಬಿಣ) ಪೈಪಿನದು, ಗೋಡೆ 1.6 ಮಿಮೀ, ಅಂದರೆ 16 ಗೇಜ್. ಆ ಪೈಪು ಮೀಟರಿಗೆ ಸುಮಾರು 1.2 ಕಿಲೊ. ಒಂದು ಕ್ಯಾರಿಯರ್‌ಗೆ 20 ಮೀಟರ್ ಹಿಡಿದರೆ 24 ಕಿಲೊ, ಜಾಲರಿ, ಕಾಲು, ಬಣ್ಣ ಬೇರೆ. 30 ಮಿಮೀ ಚೌಕದ, 2 ಮಿಮೀ ಗೋಡೆಯ ಅಲ್ಯೂಮಿನಿಯಂ ಪೈಪು ಮೀಟರಿಗೆ 600 ಗ್ರಾಂ ಆಸುಪಾಸು, ಅದೇ 20 ಮೀಟರಿಗೆ 12 ಕಿಲೊ. ಮೇಲಿನ ಮಿತಿಯ ಲೆಕ್ಕದಲ್ಲಿ ಈ 12 ಕಿಲೊ ವ್ಯತ್ಯಾಸ ಒಂದು ದೊಡ್ಡ ಬ್ಯಾಗಿಗೆ ಸಮ.

ಕಬ್ಬಿಣಕ್ಕೂ ಒಂದು ಗುಣವಿದೆ: ಮುರಿದರೆ ಸಾವಂತವಾಡಿಯ ವೆಲ್ಡಿಂಗ್ ಅಂಗಡಿಯಲ್ಲೂ ಅರ್ಧ ಗಂಟೆಯಲ್ಲಿ ಬೆಸೆಯಬಹುದು. ಅಲ್ಯೂಮಿನಿಯಮ್ಮಿಗೆ ಟಿಗ್ ವೆಲ್ಡಿಂಗ್ ಬೇಕು, ಅದು ದೊಡ್ಡ ಊರಲ್ಲೇ ಸಿಗುವುದು. ಪುಣೆಯಲ್ಲಿ ಗಾಡಿ ಇಟ್ಟು ಸಹ್ಯಾದ್ರಿಯ ಮೇಲಿನ ಒಣ ಸೀಮೆಯಲ್ಲೇ ಓಡಾಡುವವರಿಗೆ ಒಳ್ಳೆಯ ಬಣ್ಣದ ಎಂಎಸ್ ಕ್ಯಾರಿಯರ್ ಬಾಳಿಕೆ ಬರುತ್ತದೆ. ಮುಂಬೈ, ಗೋವಾದಲ್ಲಿ ಗಾಡಿ ನಿಲ್ಲುವುದೇ ಉಪ್ಪುಗಾಳಿಯಲ್ಲಿ. ಅಲ್ಲಿ ನಮ್ಮ ಮತ ಅಲ್ಯೂಮಿನಿಯಮ್ಮಿಗೆ.

ಎಂಎಸ್ ಮಾಡಿಸುವುದೇ ಆದರೆ ಭೋಸರಿ, ಚಿಂಚವಡದ ವರ್ಕ್‌ಶಾಪಾಗಲಿ, ಗೋವಾದ ವೆರ್ಣಾ ಕಡೆಯದಾಗಲಿ, ಮೂರು ಮಾತು ಮುಂಚೆಯೇ ಹೇಳಿ. ಒಂದು, ಪೌಡರ್ ಕೋಟಿಂಗಿಗೆ ಮುಂಚೆ ತುಕ್ಕು-ಎಣ್ಣೆ ತೆಗೆದು ಫಾಸ್ಫೇಟಿಂಗ್ (ಬಣ್ಣ ಹಿಡಿಯಲು ರಾಸಾಯನಿಕ ಲೇಪ), ಝಿಂಕ್ ಪ್ರೈಮರ್ ಆಗಬೇಕು. ಇದಿಲ್ಲದ ಕೋಟಿಂಗು ಹೊಳೆಯುತ್ತದೆ, ಮೊದಲ ಮಳೆಗಾಲ ಮುಗಿಯುವಾಗ ಹಪ್ಪಳದಂತೆ ಏಳುತ್ತದೆ. ಎರಡು, ವೆಲ್ಡಿನ ಮೇಲಿನ ಸ್ಲ್ಯಾಗ್ (ಬೆಸುಗೆಯ ಕಿಟ್ಟ) ಪೂರ್ತಿ ಕೆರೆದು ತೆಗೆದಿರಬೇಕು. ಬಣ್ಣ ಸ್ಲ್ಯಾಗ್ ಮೇಲೆ ಕೂತರೆ ಸ್ಲ್ಯಾಗ್ ಉದುರುವಾಗ ಅದೂ ಉದುರಿ ಅಲ್ಲಿಂದಲೇ ತುಕ್ಕು ಶುರು. ಮೂರು, ಪೈಪಿನ ತುದಿ ಪೂರ್ತಿ ಮುಚ್ಚಿ ವೆಲ್ಡ್ ಮಾಡಿರಬೇಕು, ಇಲ್ಲದಿದ್ದರೆ ಪ್ರತಿ ಪೈಪಿನ ಅತಿ ಕೆಳಗಿನ ಬಿಂದುವಿನಲ್ಲಿ 6 ಮಿಮೀ ತೂತು ಇರಬೇಕು. ಅರ್ಧ ಮುಚ್ಚಿದ ಪೈಪು ಅತ್ಯಂತ ಕೆಟ್ಟದ್ದು, ನೀರು ಒಳಹೋಗುತ್ತದೆ, ಹೊರಬರುವುದಿಲ್ಲ, ಒಳಗಿಂದ ತಿಂದು ಹಾಕುತ್ತದೆ, ಹೊರಗೆ ಬಣ್ಣ ಹಾಗೇ ಇರುತ್ತದೆ.

ಅಲ್ಯೂಮಿನಿಯಮ್ಮಿಗೂ ಒಂದು ರೋಗವಿದೆ. ಸ್ಟೇನ್‌ಲೆಸ್ ಬೋಲ್ಟು ಅಲ್ಯೂಮಿನಿಯಮ್ಮಿಗೆ ನೇರ ತಾಗಿ, ನಡುವೆ ಉಪ್ಪುನೀರು ಸೇರಿದರೆ ಎರಡೂ ಬ್ಯಾಟರಿಯಂತೆ ವರ್ತಿಸಿ ಅಲ್ಯೂಮಿನಿಯಂ ಸವೆಯುತ್ತದೆ. ಬೋಲ್ಟಿನ ಸುತ್ತ ಬಿಳಿ ಪುಡಿ ಕಂಡರೆ ಅದೇ. ಬೋಲ್ಟಿನ ತಲೆಯ ಕೆಳಗೆ ನೈಲಾನ್ ವಾಶರ್ ಹಾಕಿ, ಥ್ರೆಡ್ಡಿಗೆ ಕಚ್ಚಿಕೊಳ್ಳದಂತೆ ತಡೆಯುವ ಆಂಟಿ-ಸೀಜ್ ಪೇಸ್ಟ್ ಹಚ್ಚಿ. ತಾಮ್ರದ ಪೇಸ್ಟ್ ಬೇಡ, ಅದು ಅಲ್ಯೂಮಿನಿಯಮ್ಮಿನ ಸವೆತವನ್ನು ಇನ್ನೂ ಹೆಚ್ಚಿಸುತ್ತದೆ. ಝಿಂಕ್ ಇರುವುದನ್ನು ಕೇಳಿ ತನ್ನಿ. ಬೋಲ್ಟು ಪುಣೆಗೆ 304 ದರ್ಜೆಯ ಸ್ಟೇನ್‌ಲೆಸ್ ಸಾಕು, ಸಮುದ್ರದ ದಡದಲ್ಲಿ 316 ತಗೊಳ್ಳಿ.

ಕೂರಿಸುವ ಬಗೆ: ಗಟರ್ ಇರುವ ಗಾಡಿ

ಬೇಕಾದ್ದು: 10, 13ರ ಸ್ಪ್ಯಾನರು, ಕಿಟ್ಟಿನೊಂದಿಗೆ ಬಂದ ಅಲೆನ್ ಕೀ, ಟಾರ್ಕ್ ರೆಂಚು (ಬಿಗಿ ಎಷ್ಟಾಯಿತು ಎಂದು ತೋರಿಸುವ ಸ್ಪ್ಯಾನರು), ಅಳತೆ ಟೇಪು, ಹಳೇ ಟೂತ್‌ಬ್ರಶ್, ಬಣ್ಣ ಕಾಯುವ ಪಾರದರ್ಶಕ ಪಿಪಿಎಫ್ ಪಟ್ಟಿ, ಪೇಂಟ್ ಮಾರ್ಕರು, ಒಂದು ಕಂಬಳಿ, ಇನ್ನೊಬ್ಬರ ಕೈ.

ಗಟರ್ ತೊಳೆಯುವುದಕ್ಕೆ ಮಿಕ್ಕ ಕೆಲಸಕ್ಕಿಂತ ಹೆಚ್ಚು ಸಮಯ ಕೊಡಿ. ಅಲ್ಲಿ ಕೂತಿರುವ ಸಣ್ಣ ಮರಳು, ಕೆಮ್ಮಣ್ಣು ಕ್ಲಾಂಪಿನ ಕೆಳಗೆ ಸಿಕ್ಕಿ, ಗಾಡಿ ಅಲುಗಿದಷ್ಟೂ ಮರಳುಕಾಗದದ ಹಾಗೆ ಬಣ್ಣ ಉಜ್ಜುತ್ತದೆ. ಬಣ್ಣ ಹೋದ ಜಾಗ ಗಟರ್, ನೀರು ನಿಲ್ಲುವುದೂ ಅಲ್ಲೇ. ಶಾಂಪೂ ನೀರು ಹಾಕಿ ಬ್ರಶ್ಶಿನಿಂದ ತಿಕ್ಕಿ, ಒಣಗಿಸಿ, ಸ್ಪಿರಿಟ್ಟಿನಿಂದ ಒರೆಸಿ. ಪ್ರತಿ ಕಾಲು ಕೂರುವ ಜಾಗಕ್ಕೆ, ಕಾಲಿಗಿಂತ ಎರಡು ಸೆಂಮೀ ಉದ್ದವಾಗಿ ಪಿಪಿಎಫ್ ಅಂಟಿಸಿ. ಗಟರ್‌ನ ನೀರು ಹೋಗುವ ದಾರಿಯನ್ನು ಯಾವ ಕಾಲೂ ಪೂರ್ತಿ ಮುಚ್ಚಬಾರದು, ಇಲ್ಲದಿದ್ದರೆ ಬಾಗಿಲು ತೆರೆದ ಕೂಡಲೇ ನೀರು ತಲೆ ಮೇಲೆ.

ಟಾಪ್ ಮೇಲೆ ಕಂಬಳಿ ಹಾಸಿ, ಇಬ್ಬರು ಎರಡು ಕಡೆಯಿಂದ ಕ್ಯಾರಿಯರ್ ಎತ್ತಿ ಇಡಿ. ಎಲ್ಲ ಕಾಲಿನ ಬೋಲ್ಟನ್ನೂ ಮೊದಲು ಬೆರಳಲ್ಲೇ ತಿರುಗಿಸಿ. ವಿಂಡ್‌ಶೀಲ್ಡಿನ ಮೇಲಂಚಿನಿಂದ ಮುಂದಿನ ಬಾರ್‌ವರೆಗೆ ಎಡಕ್ಕೂ ಬಲಕ್ಕೂ ಒಂದೇ ಅಳತೆ ಬರಬೇಕು. ಆಮೇಲೆ ಮೂಲೆಯಿಂದ ಮೂಲೆಗೆ ಕರ್ಣ ಅಳೆಯಿರಿ. ಎರಡು ಕರ್ಣಗಳ ವ್ಯತ್ಯಾಸ 3 ಮಿಮೀ ಮೀರಿದರೆ ಕ್ಯಾರಿಯರ್ ವಕ್ರವಾಗಿ ಕೂತಿದೆ, ಒಂದು ಕಾಲಿನ ಮೇಲೆ ಸದಾ ಎಳೆತವಿರುತ್ತದೆ.

ಬಿಗಿ ಮಾಡುವಾಗ ಒಂದೇ ಕಡೆ ಪೂರ್ತಿ ಬಿಗಿಯಬೇಡಿ. ಎಡ ಮುಂದೆ, ಬಲ ಹಿಂದೆ, ಬಲ ಮುಂದೆ, ಎಡ ಹಿಂದೆ, ಹೀಗೆ ಎರಡು ಸುತ್ತಿನಲ್ಲಿ. ಕಿಟ್ಟಿನ ಜೊತೆ ಟಾರ್ಕ್ ಬರೆದಿದ್ದರೆ ಅದೇ ಅಂತಿಮ. ಬರೆಯದಿದ್ದರೆ ಸ್ಟೇನ್‌ಲೆಸ್ ಎಂ6 (6 ಮಿಮೀ ದಪ್ಪದ) ಬೋಲ್ಟಿಗೆ 8 ನ್ಯೂಟನ್ ಮೀಟರ್, ಎಂ8ಗೆ 16-18ರ ಆಸುಪಾಸು. ಪೇಸ್ಟ್ ಹಚ್ಚಿದ್ದರೆ ಕಾಲುಭಾಗ ಕಡಿಮೆ, ಯಾಕೆಂದರೆ ಜಾರುವ ಥ್ರೆಡ್ಡು ಅದೇ ಟಾರ್ಕಿಗೆ ಹೆಚ್ಚು ಎಳೆಯುತ್ತದೆ. ಸ್ಟೇನ್‌ಲೆಸ್ ಬೋಲ್ಟಿಗೆ ನೈಲಾಕ್ ನಟ್ (ಒಳಗೆ ನೈಲಾನ್ ಉಂಗುರ ಇರುವುದು) ಹಾಕಿ ಇಂಪ್ಯಾಕ್ಟ್ ಗನ್ ಹಿಡಿಯುವ ಮೆಕ್ಯಾನಿಕ್ಕನ್ನು ತಡೆಯಿರಿ. ವೇಗದ ಬಿಸಿಗೆ ಥ್ರೆಡ್ಡು ಒಂದಕ್ಕೊಂದು ಕಚ್ಚಿ ಜಾಮ್ ಆಗುತ್ತದೆ, ಆಮೇಲೆ ಬೋಲ್ಟು ಕತ್ತರಿಸುವುದೇ ದಾರಿ.

ಎಲ್ಲ ಬಿಗಿದ ಮೇಲೆ ಬಾರ್ ಹಿಡಿದು ಜೋರಾಗಿ ಅಲ್ಲಾಡಿಸಿ. ಇಡೀ ಗಾಡಿ ಸಸ್ಪೆನ್ಶನ್ ಮೇಲೆ ತೂಗಬೇಕು, ಕ್ಯಾರಿಯರ್ ಮಾತ್ರ ಅಲುಗಿದರೆ ಮತ್ತೆ ಬಿಗಿಯಿರಿ. ನಾಲ್ಕೂ ಬಾಗಿಲು, ಹಿಂದಿನ ಬಾಗಿಲು ತೆರೆದು ಮುಚ್ಚಿ ನೋಡಿ. ಪ್ರತಿ ನಟ್ಟಿನಿಂದ ಪಕ್ಕದ ಲೋಹದವರೆಗೆ ಪೇಂಟ್ ಮಾರ್ಕರಿನಿಂದ ಒಂದು ಗೆರೆ ಎಳೆಯಿರಿ, ಮುಂದೆ ಗೆರೆ ಮುರಿದು ಕಂಡರೆ ನಟ್ಟು ಸಡಿಲಾಗಿದೆ ಎಂದು ಕಣ್ಣಿಗೇ ತಿಳಿಯುತ್ತದೆ. ರಬ್ಬರ್ ಪ್ಯಾಡು ಮೊದಲ ಓಡಾಟದಲ್ಲಿ ಒತ್ತಿಕೊಂಡು ತೆಳುವಾಗುವುದರಿಂದ 50 ಕಿಮೀ ಆದ ಮೇಲೆ ಮರುಬಿಗಿ ಮಾಡಲೇಬೇಕು. ಆಮೇಲೆ ಪ್ರತಿ ಆಫ್‌ರೋಡ್ ಓಡಾಟದ ನಂತರ ಗೆರೆಗಳ ಮೇಲೆ ಕಣ್ಣಾಡಿಸಿದರೆ ಸಾಕು. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಕಾಲು ಬಿಚ್ಚಿ ಗಟರ್ ತೊಳೆದು ಮತ್ತೆ ಕೂರಿಸಿ.

ಸದ್ದು, ಪೆಟ್ರೋಲು

ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಲ್ಲಿದ್ದದ್ದು ಎಕ್ಸ್‌ಪ್ರೆಸ್‌ವೇಯ 100ರಲ್ಲಿ ಒಂದೂವರೆ ಪಟ್ಟಿಗೂ ಹೆಚ್ಚಾಗುತ್ತದೆ. ಹಾಗಾಗಿ ಊರೊಳಗೆ ಕ್ಯಾರಿಯರ್ ಇದ್ದರೂ ಮೈಲೇಜಿನಲ್ಲಿ ಅಷ್ಟು ಗೊತ್ತಾಗುವುದಿಲ್ಲ, ಕೊಲ್ಹಾಪುರದ ದಾರಿ ಹಿಡಿದಾಗ ಗೊತ್ತಾಗುತ್ತದೆ. ವೇಗವನ್ನು 80-85ಕ್ಕೆ ಇಳಿಸುವುದು ಗಾಳಿ ತಿರುಗಿಸುವ ಯಾವ ಡಿಫ್ಲೆಕ್ಟರಿಗಿಂತಲೂ ಹೆಚ್ಚು ಉಳಿಸುತ್ತದೆ.

ಗುಂಯ್‌ಗುಡುವ ಸದ್ದಿಗೆ ಕಾರಣ ದುಂಡು ಅಥವಾ ಚೌಕದ ಬಾರ್ ಹಿಂದೆ ಗಾಳಿ ಸುಳಿ ಕಟ್ಟಿ ಒಂದೇ ಲಯದಲ್ಲಿ ಬಿಡಿಸಿಕೊಳ್ಳುವುದು. ಮುಂದಿನ ಬಾರ್‌ಗೆ 6-8 ಮಿಮೀ ನೈಲಾನ್ ಹಗ್ಗವನ್ನು ನಾಲ್ಕಿಂಚು ಅಂತರದಲ್ಲಿ ಸುರುಳಿಯಾಗಿ ಸುತ್ತಿ ಎರಡೂ ತುದಿ ಗಟ್ಟಿಯಾಗಿ ಕಟ್ಟಿ. ಸುಳಿ ಒಂದೇ ಲಯದಲ್ಲಿ ಏಳುವುದು ತಪ್ಪಿ ಸದ್ದು ಬಹಳ ಇಳಿಯುತ್ತದೆ. ಅಲ್ಯೂಮಿನಿಯಂ ಪಟ್ಟಿಯ ಖಾಲಿ ಸೀಳುಗಳಿಗೆ ಜೊತೆಗೆ ಬಂದ ರಬ್ಬರ್ ಪಟ್ಟಿ ಹಾಕಿ, ಸೀಟಿಯ ಸದ್ದು ಬರುವುದು ಅಲ್ಲಿಂದಲೇ.

ಹೇರುವುದು, ಕಟ್ಟುವುದು

1,200 ಕಿಲೊ ಗಾಡಿಯ ಗುರುತ್ವ ಕೇಂದ್ರ ನೆಲದಿಂದ 65 ಸೆಂಮೀ ಮೇಲಿದೆ ಎಂದುಕೊಳ್ಳಿ. 1.8 ಮೀಟರ್ ಎತ್ತರದಲ್ಲಿ 60 ಕಿಲೊ ಹೇರಿದರೆ ಅದು ಐದು ಸೆಂಮೀಗೂ ಮೇಲೇರುತ್ತದೆ. ಅಂಬೋಲಿ, ಚೋರ್ಲಾ ಘಾಟಿನ ತಿರುವಿನಲ್ಲಿ ಗಾಡಿ ಹೊರಗೆ ವಾಲುವುದು, ಅಡ್ಡ ಇಳಿಜಾರಿನಲ್ಲಿ ಹೆದರಿಸುವುದು ಇದೇ ಕಾರಣಕ್ಕೆ. ಮೇಲೆ ಹಗುರವಾದ, ದೊಡ್ಡ ಗಾತ್ರದ ಸಾಮಾನು, ಕೆಳಗೆ ಭಾರ. ಊರಿಂದ ತರುವ 50 ಕಿಲೊ ಜೋಳದ ಚೀಲ ಹಿಂದಿನ ಸೀಟಿನ ಕಾಲ ಬುಡದಲ್ಲಿ ಇರಲಿ, ಹಾಸಿಗೆ-ಬಟ್ಟೆಯ ಬ್ಯಾಗು ಮೇಲೆ ಹೋಗಲಿ. 20 ಲೀಟರ್ ನೀರಿನ ಕ್ಯಾನು, ಸ್ಪೇರ್ ಟೈರು ಟಾಪ್ ಮೇಲೆ ಚೆನ್ನಾಗಿ ಕಾಣುತ್ತವೆ, ಅಲ್ಲಿರಬಾರದು. ಪೆಟ್ರೋಲ್ ಕ್ಯಾನು, ಗ್ಯಾಸ್ ಸಿಲಿಂಡರು ಬಿಸಿಲಿಗೆ ಟಾಪ್ ಮೇಲೆ ಎಂದೂ ಬೇಡ.

ಕಟ್ಟಲು 25 ಮಿಮೀ ಅಗಲದ ಕ್ಯಾಮ್ ಬಕಲ್ ಅಥವಾ ರ‍್ಯಾಚೆಟ್ ಪಟ್ಟಿ ಬಳಸಿ. ಪಟ್ಟಿಯನ್ನು ಒಂದೆರಡು ತಿರುಚು ಕೊಟ್ಟು ಎಳೆದರೆ ಗಾಳಿಗೆ ಬಡಿಯದು, ಗುಂಯ್‌ಗುಡದು. ಎಲಾಸ್ಟಿಕ್ ಹಗ್ಗ ತಾಡಪತ್ರಿ ಒತ್ತಿ ಹಿಡಿಯಲು ಮಾತ್ರ, ಭಾರ ಹಿಡಿಯಲು ಅಲ್ಲ, ಗಟ್ಟಿ ಬ್ರೇಕ್ ಹಾಕಿದಾಗ ಅದು ಹಿಗ್ಗುತ್ತದೆ. ಮನೆ ಬದಲಿಸುವಾಗ ಹಾಸಿಗೆ, ಪ್ಲೈವುಡ್ ಕಟ್ಟುವವರು ಎಚ್ಚರವಿರಲಿ: ಅಗಲ ವಸ್ತುವಿನ ಮೂತಿಯಡಿ ಗಾಳಿ ನುಗ್ಗಿ ಮೇಲೆತ್ತುತ್ತದೆ, ಕ್ಯಾರಿಯರ್‌ಗೆ ಕಟ್ಟಿದ್ದು ಸಾಲದು. ಮೂತಿಯಿಂದ ಮುಂದಿನ ಟೋ ಹುಕ್‌ಗೆ ಇಳಿದು ಬರುವ ಇನ್ನೊಂದು ಪಟ್ಟಿ ಬೇಕು, ವೇಗ 60 ಮೀರಬಾರದು.

ಗೋವಾದಿಂದ ಅನಮೋಡ ದಾರಿಯಲ್ಲಿ ಬೆಳಗಾವಿಗೆ ಬರುವವರ ಗಾಡಿ ಗಡಿಯ ತನಿಖಾ ಠಾಣೆಯಲ್ಲಿ ನಿಲ್ಲಿಸುವುದು ಮಾಮೂಲು. ತಾಡಪತ್ರಿ ಪೂರ್ತಿ ಬಿಚ್ಚದೆ ಒಂದು ಮೂಲೆ ಎತ್ತಿ ತೋರಿಸುವಂತೆ ಕಟ್ಟಿಕೊಂಡರೆ ಮಳೆಯಲ್ಲಿ ನೆನೆಯುವುದು ತಪ್ಪುತ್ತದೆ.

ಎತ್ತರ: ಜಿಮ್ನಿ 1.72 ಮೀಟರ್, ಥಾರ್ 1.85 ಆಸುಪಾಸು, ಗೂರ್ಖಾ 2 ಮೀಟರಿಗೂ ಮೇಲೆ. ಮುಂಬೈನ ಸೊಸೈಟಿಗಳ ಲಿಫ್ಟ್ ಪಾರ್ಕಿಂಗ್‌ಗೆ, ಮಾಲ್‌ಗಳ ಬೇಸ್‌ಮೆಂಟಿಗೆ ಕ್ಯಾರಿಯರ್ ಸೇರಿಸಿದ ಎತ್ತರ ಹೊಂದುತ್ತದೆಯೇ ಎಂದು ಕೊಳ್ಳುವ ಮುಂಚೆಯೇ ವಾಚ್‌ಮನ್ನನ್ನು ಕೇಳಿ. ಕೂರಿಸಿದ ಮೇಲೆ ನಿಜವಾದ ಎತ್ತರ ಅಳೆದು ಸನ್‌ವೈಸರಿನ ಮೇಲೆ ಬರೆದಿಡಿ. ಗೋವಾದ ಹಳ್ಳಿ ದಾರಿಯ ಗೇರು-ಮಾವಿನ ಕೊಂಬೆ, ತಗ್ಗಿದ ಕೇಬಲ್ಲು ಲೆಕ್ಕಕ್ಕೆ ಬರುವುದು ಅಲ್ಲೇ.

ಕಾನೂನು, ಇನ್ಶೂರೆನ್ಸ್

ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವುದನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿಯಿತು. ಉಲ್ಲಂಘನೆಗೆ 182ಎ(4)ರಡಿ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಸಾಮಾನು ಗಾಡಿಯ ಪಕ್ಕ, ಮುಂದೆ, ಹಿಂದೆ ಚಾಚಿಕೊಂಡರೆ ಅಥವಾ ಎತ್ತರದ ಮಿತಿ ಮೀರಿದರೆ 194(1ಎ) ಪ್ರಕಾರ ದಂಡ 20,000 ರೂಪಾಯಿ. ಬೋಲ್ಟಿನಲ್ಲಿ ಬಿಚ್ಚಬಹುದಾದ, ಬಾಡಿಯ ಅಗಲ ಮೀರದ, ಕಂಪನಿಯ ಆಕ್ಸೆಸರಿಯಾಗಿ ಬಿಲ್ಲಿನೊಂದಿಗೆ ಬಂದ ಕ್ಯಾರಿಯರ್ ಪರವಾಗಿ ಆರ್‌ಟಿಓ ಎದುರು ಮಾತಾಡುವುದು ಸುಲಭ. ವೆಲ್ಡ್ ಮಾಡಿ ಕೂರಿಸಿದ್ದಕ್ಕೆ ಹೇಳಲು ಏನೂ ಉಳಿಯುವುದಿಲ್ಲ. ಬಿಲ್ಲಿನ ಫೋಟೊ ಫೋನಿನಲ್ಲಿರಲಿ.

ಕ್ಯಾರಿಯರ್ ಮೇಲೆ ಎಲ್ಇಡಿ ಬಾರ್ ಹಾಕಿಸುವವರಿಗೆ: ಕೇಂದ್ರ ಮೋಟಾರು ವಾಹನ ನಿಯಮ 111 ಗಾಡಿಯ ಮುಂಭಾಗದಲ್ಲಿ ಸ್ಪಾಟ್‌ಲೈಟ್, ಸರ್ಚ್‌ಲೈಟ್ ಒಯ್ಯುವುದನ್ನು ನೋಂದಣಿ ಅಧಿಕಾರಿಯ ಒಪ್ಪಿಗೆಯಿಲ್ಲದೆ ಬಿಡುವುದಿಲ್ಲ. ಗೋವಾದ ಬೀಚಿಗೆ ಗಾಡಿ ಇಳಿಸುವುದಂತೂ ನಿಷಿದ್ಧ, ಕ್ಯಾರಿಯರ್ ಮೇಲೆ ರಿಕವರಿ ಬೋರ್ಡ್ ಇದ್ದರೂ.

ಇನ್ಶೂರೆನ್ಸ್ ಕಂಪನಿಗೆ ಕ್ಯಾರಿಯರ್‌ನ ಬೆಲೆ ಸಹಿತ ಇಮೇಲ್ ಮಾಡಿ ಪಾಲಿಸಿಯಲ್ಲಿ ಸೇರಿಸಿಕೊಳ್ಳಿ. ಸೇರಿಸದ ವಸ್ತುವಿಗೆ ಪರಿಹಾರ ಸಿಗುವುದಿಲ್ಲ, ತಿಳಿಸದ ಬದಲಾವಣೆಯನ್ನು ನೆಪವಾಗಿಟ್ಟು ಕ್ಲೇಮು ಎಳೆಯುವುದಕ್ಕೂ ದಾರಿಯಾಗುತ್ತದೆ.

ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ

ಹಳೇ ಕ್ಯಾರಿಯರ್ ಅರ್ಧ ಬೆಲೆಗೆ ಸಿಗುವುದುಂಟು, ಒಳ್ಳೆಯದು ಸಿಕ್ಕರೆ ಬಿಡಬೇಡಿ. ತಲೆಕೆಳಗು ಮಾಡಿ ನೋಡಿ, ತುಕ್ಕು ಇರುವುದು ಕೆಳಮೈಯಲ್ಲೇ. ಪೈಪನ್ನು ಸ್ಪ್ಯಾನರಿನಿಂದ ಬಡಿದಾಗ ಒಂದು ಕಡೆ ಟಣ್ ಎಂದು, ಇನ್ನೊಂದು ಕಡೆ ಬೊದ್ದ ಸದ್ದು ಬಂದರೆ ಅಲ್ಲಿ ಒಳಗೆ ಸವೆದಿದೆ. ನೆಲದ ಮೇಲಿಟ್ಟು ಕರ್ಣ ಅಳೆಯಿರಿ. ರಬ್ಬರ್ ಪ್ಯಾಡು ಒಣಗಿ ಬಿರಿದಿದ್ದರೆ ಹೊಸದು ಸಿಗುತ್ತದೆಯೇ ಎಂದು ಕೇಳಿ, ಕಾಲಿನ ಕಿಟ್ಟು ನಿಮ್ಮ ಗಾಡಿಯ ಮಾದರಿಯದ್ದೇ ಎಂದು ಖಾತ್ರಿ ಮಾಡಿಕೊಳ್ಳಿ. ಥಾರ್ ಮತ್ತು ರಾಕ್ಸ್ ಹೆಸರು ಒಂದೇ, ಕ್ಯಾರಿಯರ್ ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ.